ಗ್ರಾಫಿಕ್ಸ್ ಕಾರ್ಡಿಗೆ ಗಂಗೆ ಪೂಜೆ

ಏಪ್ರಿಲ್ ೯, ಬುಧವಾರ

ಈ ಡೈರಿ ಕೊಟ್ಟದ್ದು ಹೃದಯದ ಡಾಕ್ಟರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಪಿ ನೋಡಿ ಇದರಲ್ಲಿ ಬರೆಯಬೇಕಂತೆ. ಬರೆಯುವುದಿಲ್ಲ. ಮಂಡ್ಯದ ಕಡೆಯ ಸಕ್ಕರೆ ಮಿಲ್ಲಿನ ಬಾಯ್ಲರ್ ಹೌಸಿನಲ್ಲಿ ಜೀವಮಾನವೆಲ್ಲ ಪ್ರೆಶರ್ ನೋಡಿದವನು ನಾನು. ಫೋರ್ಮನ್ ಮಹದೇವಪ್ಪ ಬಂದ ಎಂದರೆ ಸೇಫ್ಟಿ ವಾಲ್ವು ಕೂಡ ಬಾಲ ಮುದುರಿಕೊಳ್ಳುತ್ತಿತ್ತು. ಅಂಥವನು ಕೂತು ಸ್ವಂತ ಪ್ರೆಶರನ್ನು ಬರೆಯುವುದೇ? ಕಾಗದ ಚೆನ್ನಾಗಿದೆ, ದಂಡ ಮಾಡುವುದು ಬೇಡವೆಂದು ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ.

ಎದೆ ಹಿಡಿದುಕೊಂಡು ಬಿದ್ದದ್ದು ಫೆಬ್ರವರಿಯಲ್ಲಿ. ಸ್ಟೆಂಟ್ ಹಾಕಿಸಿದ ಮೇಲೆ ಮಗಳು ಇಂಪನಾ ಬಂದು ನನ್ನನ್ನು ಗಂಟುಮೂಟೆ ಸಮೇತ ಪುಣೆಗೆ ಸಾಗಿಸಿದಳು. ಹೆಂಡತಿ ರುಕ್ಮಿಣಿ ಹೋದ ಮೇಲೆ ನನಗೆ ಇರುವವಳು ಇವಳೊಬ್ಬಳೇ. ಆದರೂ ನಾನು ಬರುತ್ತಿರಲಿಲ್ಲ. ಬೇಡ ಎನ್ನಲು ಎದೆಯಲ್ಲಿ ಗಾಳಿ ಇರಲಿಲ್ಲ, ಅಷ್ಟೆ.

ನಿಗಡಿಯ ಈ ಮನೆ ಆ ಮನುಷ್ಯನದು. ಮೂರು ವರ್ಷದ ಹಿಂದೆ ಇಂಪನಾ ನನ್ನ ಮಾತು ಮೀರಿ ಕಟ್ಟಿಕೊಂಡವನು. ಕಲಬುರಗಿ ಸೀಮೆಯವನು, ನಮ್ಮ ಪೈಕಿ ಅಲ್ಲ. ಅವನ ತಾಯಿ ತಂದೆ ಕಟ್ಟಡಗಳಿಗೆ ಮಣ್ಣು ಇಟ್ಟಿಗೆ ಹೊರಲು ಇಲ್ಲಿಗೆ ಬಂದವರಂತೆ. ಇವನು ಚಿಂಚವಡದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾನೆ. ಮದುವೆಗೆ ನಾನು ಹೋಗಲಿಲ್ಲ. ಹೋಗದಿದ್ದದ್ದೇ ಸರಿ.

ಮೇ ಮಧ್ಯದಲ್ಲಿ ಡಾಕ್ಟರು ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ತಮ್ಮನ ಮಗ ಸುಂದರ ಬಂದು ಊರಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಆ ಮನುಷ್ಯನ ಜೊತೆ ಒಂದು ಮಾತೂ ಆಡದೆ ಇರಬಲ್ಲೆ. ಇಲ್ಲಿಯವರೆಗೆ ಇದ್ದೇನೆ. ಬೇಕಾದ್ದನ್ನು ಇಂಪನಾಳಿಗೆ ಹೇಳುತ್ತೇನೆ, ಅವಳು ಅವನಿಗೆ ಹೇಳುತ್ತಾಳೆ. ಊಟ ನನ್ನ ಕೋಣೆಗೇ ಬರುತ್ತದೆ.

ಏಪ್ರಿಲ್ ೧೧, ಶುಕ್ರವಾರ

ಮಧ್ಯಾಹ್ನ ಇಂಪನಾಳ ಕೋಣೆಯಿಂದ ಮೇಜು ಗುದ್ದಿದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು.

ಅವಳ ಕೆಲಸ ನನಗೆ ಈಗಷ್ಟೇ ಅರ್ಥವಾಗುತ್ತಿದೆ. ಇನ್ನೂ ಕಟ್ಟಿರದ ಕಟ್ಟಡದ ಒಳಗೆಲ್ಲ ಓಡಾಡಿ ಬಂದ ಹಾಗೆ ಸಿನಿಮಾ ಮಾಡುತ್ತಾಳೆ. ಹೋದ ವರ್ಷ ಹಿಂಜವಡಿಯ ಕಂಪನಿ ಬಿಟ್ಟು ಸ್ವಂತಕ್ಕೆ ಕೂತಿದ್ದಾಳೆ. ಈಗ ಸಿಕ್ಕಿರುವುದು ಸಾಸವಡದ ಹತ್ತಿರ ಬರಲಿರುವ ಒಂದು ಆಸ್ಪತ್ರೆಯ ಕೆಲಸ. ಮೇ ಮಧ್ಯಕ್ಕೆ ಕೊಡಬೇಕು. ಫೈಲುಗಳು ಮನೆಯಿಂದ ಹೊರಗೆ ಹೋಗಕೂಡದೆಂದು ಕರಾರು ಇರುವುದರಿಂದ ಬೇರೆ ಕಡೆಯ ಯಂತ್ರದಲ್ಲಿ ಮಾಡಿಸುವ ಹಾಗಿಲ್ಲ. ಚಿತ್ರ ಮೂಡಿಸುವ ಕೆಲಸವೆಲ್ಲ ಗ್ರಾಫಿಕ್ಸ್ ಕಾರ್ಡ್ ಎಂಬ ಒಂದು ಹಲಗೆಯ ಮೇಲೆ ಬೀಳುತ್ತದೆ. ಅದು ಯಾರೋ ಬಳಸಿ ಕೊಟ್ಟ ಹಳೆಯ ಕಾರ್ಡು. ಈ ಮೇಲ್ಮಹಡಿಯ ಬಿಸಿಲಿಗೆ ಕಾದು, ತೊಂಬತ್ತು ಡಿಗ್ರಿ ದಾಟಿ, ತಾನೇ ಆರಿಹೋಗುತ್ತದೆ. ಹೊಸದು ಕೊಳ್ಳುವ ಸ್ಥಿತಿ ಇಲ್ಲ.

"ಇದು ಹೋದ್ರೆ ವಾಪಸ್ ಕಂಪನಿಗೇ ಹೋಗ್ಬೇಕು ಅಪ್ಪ. ನಾನು ಕೆಲಸ ಕಲಿಸಿದ ಹುಡುಗಿ ಕೈಕೆಳಗೆ" ಅಂದಳು.

ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟು ನೋಡಿದೆ. ಬಿಸಿ ಹುಟ್ಟುವುದು ತಪ್ಪಲ್ಲ, ಹೊರಗೆ ಹೋಗದಿರುವುದು ತಪ್ಪು. ಗಾಳಿಯಿಂದ ಆಗದ ಕಡೆ ನೀರು ಹರಿಸಬೇಕು ಎಂದೆ. ಮೊದಲು ನಕ್ಕಳು. ಆಮೇಲೆ, "ವಾಟರ್ ಕೂಲಿಂಗ್ ಅಂತ ನಿಜವಾಗ್ಲೂ ಇದೆ ಅಪ್ಪ. ಅದು ಗೇಮ್ ಆಡೋ ಹುಡುಗರ ಶೋಕಿ. ಲೀಕ್ ಆದ್ರೆ ಮುಗೀತು ಕತೆ. ನೀನು ರೆಸ್ಟ್ ತಗೋ" ಅಂದಳು.

ರೆಸ್ಟ್. ಆಸ್ಪತ್ರೆಯಿಂದ ಬಂದಾಗಿನಿಂದ ಎಲ್ಲರ ಬಾಯಲ್ಲೂ ಅದೊಂದೇ ಮಾತು. ಯಾರಾದರೂ ಇನ್ನೊಮ್ಮೆ ಅಂದರೆ ಅವರ ಮೇಲೆ ಎಗರಿಬೀಳುತ್ತೇನೆ.

ಏಪ್ರಿಲ್ ೧೨, ಶನಿವಾರ

ಬೆಳಗಿನಿಂದ ಫೋನಿನಲ್ಲಿ ವಾಟರ್ ಕೂಲಿಂಗ್ ವಿಡಿಯೋಗಳನ್ನು ನೋಡಿದೆ. ಮೀಸೆ ಮೂಡದ ಹುಡುಗರು ಬಣ್ಣಬಣ್ಣದ ದೀಪ ಹಚ್ಚಿ ಏನೇನೋ ಒದರುತ್ತಾರೆ. ಒದರಾಟ ಬಿಟ್ಟು ನೋಡಿದರೆ ವಿಷಯ ಸರಳ. ಕಾರ್ಡಿನ ಚಿಪ್ಪಿನ ಮೇಲೆ ತಾಮ್ರದ ಬ್ಲಾಕ್ ಕೂರಿಸಬೇಕು. ಅದರೊಳಗೆ ಕೂದಲಿನಷ್ಟು ಸಣ್ಣ ಸಣ್ಣ ಗೆರೆಗಳಿರುತ್ತವೆ, ನೀರು ಅವುಗಳ ನಡುವೆ ಹರಿದು ಬಿಸಿ ಎತ್ತಿಕೊಂಡು ಹೋಗುತ್ತದೆ. ಆ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತದೆ. ತಳ್ಳಲು ಪಂಪು, ತುಂಬಲು ಒಂದು ಪುಟ್ಟ ಟ್ಯಾಂಕು. ನಮ್ಮ ಮಿಲ್ಲೇ, ಕೈಯಳತೆಗೆ ಬಂದಿದೆ.

ಪೈಪು ಸೇರಿಸುವ ಜಾಗದ ಥ್ರೆಡ್ ಯಾವುದೆಂದು ನೋಡಿದರೆ ಕಾಲು ಇಂಚಿನ ಬಿಎಸ್‌ಪಿ, ನೀರಿನ ಪೈಪಿನ ಮಾಮೂಲಿ ಅಳತೆ. ಇಷ್ಟೆಲ್ಲ ಆಡಂಬರ ಮಾಡಿ ಕೊನೆಗೆ ನಾವು ದಿನಾ ತಿರುಗಿಸುತ್ತಿದ್ದ ಥ್ರೆಡ್ಡೇ. ನನಗೆ ಒಬ್ಬನಿಗೇ ಜೋರಾಗಿ ನಗು ಬಂತು.

ಸಂಜೆ ಇಂಪನಾಳಿಗೆ ಹೇಳಿದೆ: ಭಾಗಗಳನ್ನು ಆರಿಸುವವನು ನಾನು, ಕೂರಿಸುವವನೂ ನಾನು. ಅವಳು ಡಾಕ್ಟರು, ಎದೆ, ವಯಸ್ಸು ಎಂದು ರಾಗ ಎಳೆದಳು. ನಾನು ಜಗ್ಗಲಿಲ್ಲ. ಕೊನೆಗೆ "ಆಯ್ತು ಅಪ್ಪ. ಆದ್ರೆ ಕಾರ್ಡ್ ಸತ್ತರೆ ನನ್ನ ಕೆಲಸ ಸತ್ತ ಹಾಗೆ. ಅದು ನೆನಪಿರ್ಲಿ" ಅಂದಳು. ಕಾರ್ಡ್ ಸತ್ತರೆ ನನ್ನ ಹೆಸರು ಮಹದೇವಪ್ಪನಲ್ಲ ಎಂದೆ.

ಏಪ್ರಿಲ್ ೧೩, ಭಾನುವಾರ

ಇವತ್ತು ಒಂದು ಅನಾಹುತ ಆಯಿತು.

ಹಜಾರದಲ್ಲಿ ಕೂತು ಫೋನಿನಲ್ಲಿ ರೇಡಿಯೇಟರ್ ನೋಡುತ್ತಿದ್ದೆ. ಇಂಪನಾಳ ಗಂಡ ಬಂದು, ನನ್ನ ಕಡೆ ನೋಡದೆ ಅವಳ ಕಡೆ ನೋಡಿಕೊಂಡು, "ಮಾವಾರಿಗೆ ಹೇಳು, ನಮ್ ಕಂಪನ್ಯಾಗ ಒಂದ್ ರೇಡಿಯೇಟರ್ ಬಿದ್ದದ, ಅಲ್ಯೂಮಿನಿಯಂದು. ಭಾಳ ಹಗುರ ಅದ. ಬೇಕಂದ್ರ ಕೇಳಿ ತರ್ತೀನಿ" ಅಂದ.

ಅಲ್ಯೂಮಿನಿಯಂ. ತಾಮ್ರದ ಬ್ಲಾಕಿನ ಜೊತೆಗೆ. ಒಂದೇ ನೀರಿನಲ್ಲಿ. ನನಗೆ ತಡೆಯಲಾಗಲಿಲ್ಲ.

"ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ನೀರಲ್ಲಿ ಬಿಟ್ಟರೆ ಅಲ್ಯೂಮಿನಿಯಂ ಕೊಳೆತು ಹೋಗುತ್ತೆ ಕಣಯ್ಯ. ಪುಡಿಪುಡಿಯಾಗಿ ನೀರಿಗೆ ಬರುತ್ತೆ. ಯಾವ ಸ್ಕೂಲಲ್ಲಿ ಓದಿದ್ದು ನೀನು?" ಎಂದು ನೇರವಾಗಿ ಅವನಿಗೇ ಹೇಳಿಬಿಟ್ಟೆ.

ಇಂಪನಾ ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದುಕೊಂಡು ನಿಂತಳು. ಅವನು ಮಾತ್ರ ಸಿಟ್ಟಾಗದೆ ಎದುರಿಗೆ ಕೂತ. "ಖರೇ ಅದ್ರಿ ಮಾವಾರ. ನಾ ಅದು ವಿಚಾರ ಮಾಡಿದ್ದಿಲ್ಲ. ಹಂಗಾರ ರೇಡಿಯೇಟರ್ ಯಾವುದ್ರದ್ದು ತಗೋಬೇಕ್ರಿ?" ಅಂದ. ತಾಮ್ರ, ಹಿತ್ತಾಳೆ ಎರಡೇ ಎಂದೆ. ಯಾಕೆ ಎಂದು ಕೇಳಿದ. ಮಿಲ್ಲಿನಲ್ಲಿ ಕಂಡೆನ್ಸರ್ ತೂತು ಬಿದ್ದ ಕತೆ ಹೇಳಬೇಕಾಯಿತು. ಅದು ಚಿಕ್ಕ ಕತೆಯಲ್ಲ.

ನಾನು ಮಾತಾಡಿದ್ದು ಅಲ್ಯೂಮಿನಿಯಂ ವಿಷಯ. ಅವನ ಜೊತೆ ಮಾತಾಡಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಏಪ್ರಿಲ್ ೧೬, ಬುಧವಾರ

ಬಿಪಿ ಬರೆದೆಯಾ ಎಂದು ಇಂಪನಾ ಕೇಳಿದಳು. ಬರೆದೆ ಎಂದೆ. ತೋರಿಸು ಅಂದಳು. ತೋರಿಸಲಿಲ್ಲ.

ಏಪ್ರಿಲ್ ೧೯, ಶನಿವಾರ

ಬ್ಲಾಕ್ ಆರಿಸುವುದೇ ದೊಡ್ಡ ತಲೆನೋವು. ರೇಡಿಯೇಟರು, ಪಂಪು ಯಾವ ಕಂಪ್ಯೂಟರಿಗಾದರೂ ನಡೆಯುತ್ತವೆ. ಬ್ಲಾಕ್ ಮಾತ್ರ ಆಯಾ ಕಾರ್ಡಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಕಾರ್ಡಿನ ಹೆಸರು ಹಾಕಿ ಹುಡುಕಿ ಒಂದನ್ನು ಗೊತ್ತು ಮಾಡಿದ್ದೆ. ಇಂಪನಾ ಇನ್ನೇನು ಆರ್ಡರ್ ಹಾಕಬೇಕು, ಅಷ್ಟರಲ್ಲಿ ಅವಳ ಗಂಡ ಧರ್ಮರಾಜ ಕೆಲಸ ಮುಗಿಸಿಕೊಂಡು ಬಂದ.

"ಮಾವಾರ, ಆರ್ಡರ್ ಹಾಕೋ ಮೊದ್ಲ ಒಂದ್ ಸಲ ಅಳ್ದು ನೋಡಮ್ರಿ" ಅಂದ.

"ಹೆಸರು ಅದೇ, ಕಾರ್ಡ್ ಅದೇ. ಅಳೆಯೋಕೇನಿದೆ?"

"ಹೆಸರ್ ಒಂದೇ ಇರ್ತಾದ್ರಿ. ಒಳಗ ಬದಲ್ ಮಾಡಿರ್ತಾರ. ನಮ್ ಕಂಪನ್ಯಾಗೂ ಹಂಗೇ ಮಾಡ್ತಾರ."

ಕಾರ್ಡನ್ನು ಹೊರಗೆ ತೆಗೆದು, ಫ್ಯಾನು ಬಿಚ್ಚಿ, ಬಟ್ಟೆಯ ಮೇಲೆ ಮಲಗಿಸಿದ. ಬ್ಯಾಗಿನಿಂದ ವರ್ನಿಯರ್ ತೆಗೆದು ಸ್ಕ್ರೂ ತೂತುಗಳ ಅಂತರ ಅಳೆದ. ಬ್ಲಾಕಿನ ಕಂಪನಿಯವರು ಹಾಕಿದ್ದ ಚಿತ್ರದ ಜೊತೆ ಇಂಪನಾ ತಾಳೆ ನೋಡಿದಳು. ಒಂದು ತೂತು ಒಂದು ಅಕ್ಕಿ ಕಾಳಿನಷ್ಟು ಆಚೆ ಇತ್ತು. ಆ ಹೆಸರಿನಲ್ಲಿ ಎರಡು ಥರದ ಕಾರ್ಡು ಬಂದಿವೆಯಂತೆ, ನಮ್ಮದು ಎರಡನೆಯದು. ನಾನು ಆರಿಸಿದ್ದ ಬ್ಲಾಕನ್ನು ತರಿಸಿದ್ದರೆ ಅದು ಉಪ್ಪಿನಕಾಯಿ ಜಾಡಿಯ ಮೇಲೆ ಇಡಲಿಕ್ಕಷ್ಟೇ ಲಾಯಕ್ಕು.

ಅವನು "ನಾ ಹೇಳಿದ್ದಿಲ್ಲೇನ್ರಿ" ಎನ್ನಲಿಲ್ಲ. ನಾನಾಗಿದ್ದರೆ ಅನ್ನುತ್ತಿದ್ದೆ. ಕೈ ಚೆನ್ನಾಗಿದೆ ಅವನದು, ಅವಸರವಿಲ್ಲ. ಇಷ್ಟು ಬರೆದದ್ದು ಸಾಕು.

ಏಪ್ರಿಲ್ ೨೨, ಮಂಗಳವಾರ

ಬ್ಲಾಕಿಗೆ ಆರ್ಡರ್ ಹಾಕಿಯಾಯಿತು. ಉಳಿದವನ್ನು ಕಣ್ಣಾರೆ ನೋಡಿ ತರಬೇಕೆಂದು ಹಟ ಹಿಡಿದೆ. ಧರ್ಮರಾಜ ಅರ್ಧ ದಿನ ರಜೆ ಹಾಕಿ, ಬಸ್ಸು, ಮೆಟ್ರೋ ಎರಡೂ ಹತ್ತಿಸಿ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ತಪಕೀರ ಗಲ್ಲಿಗೆ ಕರೆದುಕೊಂಡು ಹೋದ. ಕೈ ಹಿಡಿಯಲು ಬಂದ, ಬೇಡ ಎಂದೆ. ಆಮೇಲೆ ಜನ ಮೈಮೇಲೆ ಬೀಳುವಾಗ ಅವನ ತೋಳನ್ನು ನಾನೇ ಹಿಡಿದುಕೊಂಡೆ. ಅದು ಜನದ ದೆಸೆಯಿಂದ.

ಅಂಗಡಿಯವನು ನನ್ನ ಬಿಳಿ ಮೀಸೆ ನೋಡಿ, "ಕಾಕಾ, ಗೇಮ್ ಖೇಳತಾ ಕಾ ತುಮ್ಹಿ?" ಎಂದು ಕೇಳಿದ. ಗೇಮ್ ಆಡುತ್ತೀರಾ ಎಂದು. ಹೌದಪ್ಪ, ಆಡುತ್ತೇನೆ, ನಿನಗೇನು ಎಂದು ಅಚ್ಚ ಕನ್ನಡದಲ್ಲೇ ಹೇಳಿದೆ. ಧರ್ಮರಾಜ ಅದನ್ನು ಮರಾಠಿಗೆ ಏನೆಂದು ತಿರುಗಿಸಿದನೋ, ಅಂಗಡಿಯವನು ಎದ್ದು ಕುರ್ಚಿ ಕೊಟ್ಟ.

ಪಂಪುಗಳನ್ನು ಒಂದೊಂದಾಗಿ ಚಾಲೂ ಮಾಡಿಸಿ ಕೈಯಲ್ಲಿ ಹಿಡಿದು ನೋಡಿದೆ. ಒಳ್ಳೆಯ ಪಂಪು ಅಂಗೈಯಲ್ಲಿ ಗೊತ್ತಾಗುತ್ತದೆ. ಪೈಪಿನ ವಿಷಯದಲ್ಲಿ ಜಗಳವಾಯಿತು. ಇಂಪನಾ ಫೋನಿನಲ್ಲಿ ಗಾಜಿನಂಥದ್ದು ಬೇಕು, ನೀರು ಕಾಣಬೇಕು ಅಂದಳು. ನಾನು ಕಪ್ಪು ರಬ್ಬರಿನ ಪೈಪೇ ಆಗಬೇಕೆಂದೆ. ಅದು ಬಾಗುತ್ತದೆ, ಬೆಳಕು ಬೀಳದ್ದರಿಂದ ಪಾಚಿ ಕಟ್ಟುವುದಿಲ್ಲ. ಅವಳು ಗಂಡನನ್ನು ಕೇಳಿದಳು. ಧರ್ಮರಾಜ "ಮಾವಾರ್ ಹೇಳಿದ್ದೇ ಇರ್ಲಿ" ಅಂದ. ಕಪ್ಪು ಪೈಪೇ ಬಂತು. ಟ್ಯಾಂಕು ಕೂಡ ಕಪ್ಪಗಿನದೇ.

ಬಿಲ್ಲು ಮಾಡುವಾಗ ಅಂಗಡಿಯವನು ನನ್ನ ಕಡೆ ತಲೆ ಆಡಿಸಿ "ವಡೀಲ ಕಾ?" ಅಂದ. ತಂದೆಯವರಾ ಎಂದು. ಧರ್ಮರಾಜ "ಹೋ" ಅಂದ, ಹೌದು ಎಂದು. ಮರಾಠಿ ಬಾರದವನು ತಿದ್ದುವುದು ಹೇಗೆ?

ವಾಪಸು ಬರುವಾಗ ರಸವಂತಿಯಲ್ಲಿ ಕಬ್ಬಿನ ಹಾಲು ಕುಡಿದೆವು. ಕಬ್ಬು ಸುಮಾರಾಗಿತ್ತು. ನಮ್ಮ ಮಿಲ್ಲಿನಲ್ಲಾಗಿದ್ದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದೆವು. ಆ ವಿಷಯ ಹೇಳುತ್ತಾ ಹೇಳುತ್ತಾ ನಿಗಡಿ ಬಂದದ್ದೇ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ಕೂರುವುದನ್ನು ಮರೆತೆ.

ಏಪ್ರಿಲ್ ೨೭, ಭಾನುವಾರ

ಬ್ಲಾಕ್ ಬಂತು. ತಾಮ್ರದ ಕೆಲಸ ನೋಡಿದರೆ ಕಣ್ಣಿಗೆ ಹಬ್ಬ.

ಇಡೀ ದಿನ ಜೋಡಿಸಿದೆವು. ಚಿಪ್ಪಿನ ಬಿಸಿಯನ್ನು ಬ್ಲಾಕಿಗೆ ದಾಟಿಸುವ ಹಳೆಯ ಪೇಸ್ಟು ಒರೆಸಿ ಹೊಸದನ್ನು ಹಚ್ಚಿದ್ದು ನಾನು, ಸ್ಕ್ರೂಗಳನ್ನು ಎದುರುಬದುರಾಗಿ ಸಮನಾಗಿ ಬಿಗಿ ಮಾಡಿದ್ದು ಧರ್ಮರಾಜ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಬೇಕೆಂದು ತೆಗೆದಿದ್ದೆ. ಇಂಪನಾ ಕೈಯಿಂದ ಕಿತ್ತುಕೊಂಡಳು. "ಒಳಗೆ ರಬ್ಬರ್ ರಿಂಗ್ ಇದೆ ಅಪ್ಪ, ಟೇಪ್ ಬೇಡ. ಚೂರುಗಳು ಬ್ಲಾಕ್ ಒಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ಆ ಪೈಪಿನ ಲೂಪ್ ಒಳಗೆ ನೀರು ಬಿಟ್ಟು ಬೇರೇನೂ ಹೋಗ್ಬಾರ್ದು" ಅಂದಳು. ಟೇಪಿಲ್ಲದೆ ಪೈಪು ಜೋಡಿಸಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಮನಸ್ಸು ಒಪ್ಪಲಿಲ್ಲ, ಆದರೂ ಬಿಟ್ಟೆ.

ಡಿಸ್ಟಿಲ್ಡ್ ವಾಟರ್ ತುಂಬಿ, ಕಾರ್ಡಿಗೆ ಕರೆಂಟ್ ಕೊಡದೆ, ಪಂಪೊಂದನ್ನೇ ಓಡಿಸಿ ಬಿಟ್ಟಿದ್ದೇವೆ. ಜೋಡಣೆಗಳ ಕೆಳಗೆಲ್ಲ ಟಿಶ್ಯೂ ಕಾಗದ ಇಟ್ಟಿದೆ. ಒಂದು ಹನಿ ಸೋರಿದರೂ ಕಾಣುತ್ತದೆ. ಊಟದ ಹೊತ್ತಿಗೆ ಬಿಟ್ಟು ಏಳಲು ಮನಸ್ಸು ಬರಲಿಲ್ಲ. ಧರ್ಮರಾಜನ ತಾಯಿ ಮಾನಮ್ಮನವರು ಅಲ್ಲಿಗೇ ತಟ್ಟೆ ತಂದರು. ಅವನೂ ಪಕ್ಕದಲ್ಲೇ ಕೂತು ಉಂಡ. ಪೈಪಿನ ಮೇಲೆ ಕಣ್ಣಿಟ್ಟು ಜೋಳದ ರೊಟ್ಟಿ ತಿಂದೆ, ಎಷ್ಟು ತಿಂದೆನೋ ಗೊತ್ತಿಲ್ಲ.

ಏಪ್ರಿಲ್ ೩೦, ಬುಧವಾರ, ಬಸವ ಜಯಂತಿ

ಒಂದು ಹನಿಯೂ ಸೋರಲಿಲ್ಲ. ಇವತ್ತು ಒಳ್ಳೆಯ ದಿನ, ಇವತ್ತೇ ಚಾಲೂ ಎಂದು ನಿರ್ಧಾರವಾಗಿತ್ತು. ಇಂಪನಾ ಸ್ನಾನಕ್ಕೆ ಹೋಗಿದ್ದಳು, ಧರ್ಮರಾಜ ಹಾಲು ತರಲು ಕೆಳಗಿಳಿದಿದ್ದ. ಮಾನಮ್ಮನವರು ಹೂವು, ಊದುಬತ್ತಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಬೀಗರ, ನೀರ್ ಇದ್ದಲ್ಲಿ ಗಂಗವ್ವ ಇರ್ತಾಳ್ರಿ. ಪೂಜಿ ಮಾಡ್ಲಾರ್ದ ಹ್ಯಾಂಗ್ ಚಾಲೂ ಮಾಡ್ತೀರಿ?"

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಕಬ್ಬು ಅರೆಯುವ ಹಂಗಾಮು ಶುರುವಾಗುವ ದಿನ ನಾವು ಬಾಯ್ಲರಿಗೆ ಬೆಂಕಿ ಹಾಕುವ ಮೊದಲು ಗಂಗೆ ಪೂಜೆ ಮಾಡದೆ ಇದ್ದದ್ದೇ ಇಲ್ಲ. ಟ್ಯಾಂಕಿನ ನೀರಿಗೆ ಅರಿಸಿನ ಬಿಡುವುದು ಫೋರ್ಮನ್ ಕೈಯಿಂದಲೇ ಆಗಬೇಕು. ಮಾನಮ್ಮನವರು ಪೆಟ್ಟಿಗೆಗೆ ಕುಂಕುಮ ಇಟ್ಟು, ಹೂವು ಏರಿಸಿ, ಊದುಬತ್ತಿ ಬೆಳಗಿದರು. ನಾನು ಟ್ಯಾಂಕಿನ ಮುಚ್ಚಳ ತಿರುಗಿಸಿ ಒಂದು ಚಿಟಿಕೆ ಅರಿಸಿನ ಬಿಟ್ಟು, ಮುಚ್ಚಿ, ಕೈ ಮುಗಿದೆ. ಶಾಸ್ತ್ರ ಸಾಂಗವಾಯಿತು.

ಆಮೇಲೆ ಎಲ್ಲರೂ ಸೇರಿದ ಮೇಲೆ ಇಂಪನಾ ಗುಂಡಿ ಒತ್ತಿದಳು. ಆಸ್ಪತ್ರೆಯ ಅತಿ ಭಾರದ ದೃಶ್ಯವನ್ನೇ ಕೊಟ್ಟಳು. ಮೊದಲು ತೊಂಬತ್ತು ದಾಟುತ್ತಿದ್ದದ್ದು ಐವತ್ತೈದರ ಆಸುಪಾಸಿನಲ್ಲಿ ನಿಂತಿತು. ಅರ್ಧ ಗಂಟೆ ನೋಡಿದೆವು, ಅಲ್ಲಾಡಲಿಲ್ಲ. ಇಂಪನಾ ನನ್ನ ಕುತ್ತಿಗೆಗೆ ಜೋತುಬಿದ್ದಳು, ಚಿಕ್ಕವಳಿದ್ದಾಗ ಮಿಲ್ಲಿನ ಗೇಟಿನಲ್ಲಿ ಬೀಳುತ್ತಿದ್ದ ಹಾಗೆ.

ನನಗೆ ಎಷ್ಟು ಸಂತೋಷವಾಯಿತೆಂದರೆ ಬರೆಯಲು ಬರುತ್ತಿಲ್ಲ.

ಮೇ ೩, ಶನಿವಾರ

ಐವತ್ತಾರು. ಹೊರಗೆ ಬಿಸಿಲು ನಲವತ್ತರ ಹತ್ತಿರ.

ಇಂಪನಾ ಮುಗಿದಷ್ಟು ಸಿನಿಮಾ ತೋರಿಸಿದಳು. ಆಸ್ಪತ್ರೆಯ ಅಂಗಳ, ಮರದ ನೆರಳು, ಉದ್ದನೆಯ ವರಾಂಡ. ಮಾನಮ್ಮನವರು ನೋಡಿ, "ಭಾಳ ಚಂದ ಅದವ್ವ. ಆದ್ರ ಇದು ಕಟ್ಟಿದವ್ರು ಒಬ್ರೂ ಕಾಣವಲ್ರು" ಅಂದರು. ಇಂಪನಾ ನಕ್ಕಳು, ಆಮೇಲೆ ಯೋಚನೆಗೆ ಬಿದ್ದಳು. ಸಂಜೆ ನೋಡಿದರೆ ಅಂಗಳದ ಕಟ್ಟೆಯ ಮೇಲೆ ಮಾನಮ್ಮನವರ ಹಾಗೇ ಹಸಿರು ಸೀರೆಯ ಒಬ್ಬ ಹೆಂಗಸು ಕೂತಿದ್ದಳು.

ಸುಂದರ ಫೋನ್ ಮಾಡಿದ್ದ. ಕೆಲಸದಲ್ಲಿದ್ದೇನೆ ಎಂದು ಇಟ್ಟೆ.

ಮೇ ೮, ಗುರುವಾರ

ಅರವತ್ತೆಂಟು. ಬಿಸಿಲು ಏರಿದೆ, ಅದಕ್ಕೇ ಇರಬೇಕು.

ಮೇ ೧೦, ಶನಿವಾರ

ಎಪ್ಪತ್ತಾರು. ರೇಡಿಯೇಟರಿನ ಧೂಳು ಹೊಡೆದೆ. ಫ್ಯಾನು ತಿರುಗಿಸಿ ಹಾಕಿದೆ. ಪಂಪಿಗೆ ಬೆರಳು ಇಟ್ಟು ನೋಡಿದೆ, ತಿರುಗುತ್ತಿದೆ. ಧರ್ಮರಾಜ ಬ್ಲಾಕ್ ಒಮ್ಮೆ ಬಿಚ್ಚಿ ನೋಡೋಣವೇ ಎಂದು ಕೇಳಿದ. ನಾನು ಕೂರಿಸಿದ ಬ್ಲಾಕನ್ನು ಬಿಚ್ಚುವ ಮಾತೇ ಇಲ್ಲ, ಪಂಪು ಮಾರಿದವನು ಮೋಸ ಮಾಡಿದ್ದಾನೆ ಎಂದು ಕೂಗಾಡಿದೆ. ಅವನು ಸ್ಕ್ರೂಡ್ರೈವರ್ ವಾಪಸ್ ಬ್ಯಾಗಿಗೆ ಹಾಕಿದ. ಇಂಪನಾ ಮಾತಿಲ್ಲದೆ ಕೆಲಸ ಮಾಡುತ್ತಿದ್ದಾಳೆ. ಆ ಮೌನಕ್ಕಿಂತ ಬೈದರೆ ವಾಸಿ.

ಮೇ ೧೨, ಸೋಮವಾರ

ಇವತ್ತು ಬರೆಯಬಾರದೆಂದಿದ್ದೆ.

ಮಧ್ಯಾಹ್ನ ಮತ್ತೆ ಪರದೆ ಕಪ್ಪಾಯಿತು. ಬೆಳಗಿನಿಂದ ಮೂಡಿದ್ದೆಲ್ಲ ಹೋಯಿತು. ಇಂಪನಾ ಇನ್ನಷ್ಟು ದಿನ ಗಡುವು ಕೇಳಲು ಫೋನ್ ಹಿಡಿದು ಬಾಲ್ಕನಿಗೆ ಹೋದಳು. ಆಸ್ಪತ್ರೆಯವರು ಆಗುವುದಿಲ್ಲ ಅಂದರು. ಶುಕ್ರವಾರವೇ ಕೊಡಬೇಕು, ಇಲ್ಲವಾದರೆ ಬೇರೆಯವರಿಂದ ಮಾಡಿಸಿಕೊಳ್ಳುತ್ತಾರಂತೆ.

ಅಷ್ಟರಲ್ಲಿ ಧರ್ಮರಾಜ ಬಂದಿದ್ದ. ನಾವಿಬ್ಬರೇ ನೀರು ಖಾಲಿ ಮಾಡಿ ಬ್ಲಾಕ್ ಬಿಚ್ಚಿದೆವು. ಆ ಸಣ್ಣ ಗೆರೆಗಳ ತುಂಬ ಹಳದಿ ಕೆಸರು ಕೂತಿತ್ತು. ಬಾಯ್ಲರಿಗೆ ಒಂದು ಚಿಟಿಕೆ ಅರಿಸಿನ ಲೆಕ್ಕಕ್ಕೇ ಇಲ್ಲ. ಇಲ್ಲಿ ಕೂದಲೆಳೆಯಷ್ಟು ಜಾಗ. ಅದು ಕರಗುವ ವಸ್ತುವಲ್ಲ. ನೀರಿನ ಜೊತೆ ಸುತ್ತಿ ಸುತ್ತಿ ಬಂದು ಇಲ್ಲಿಯೇ ಸಿಕ್ಕಿಕೊಂಡಿದೆ. ಲೂಪಿನೊಳಗೆ ನೀರು ಬಿಟ್ಟು ಬೇರೇನೂ ಹೋಗಬಾರದೆಂದು ಅವಳು ಹೇಳಿದ್ದಳು. ನಾನು ಅದನ್ನು ಟೇಪಿನ ವಿಷಯ ಎಂದುಕೊಂಡೆ. ಅರಿಸಿನವನ್ನು ಕಸ ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

ಧರ್ಮರಾಜ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. ನನ್ನ ಮುಖ ನೋಡಿದ. ಇಂಪನಾ ಒಳಗೆ ಬರುವ ಸದ್ದಾದಾಗ ಬ್ಲಾಕಿನ ಮೇಲೆ ಬಟ್ಟೆ ಎಳೆದ.

"ಏನಾಗಿತ್ತು?" ಅಂದಳು.

"ನಂದೇ ತಪ್ಪು. ಪೈಪ್ ತೊಳೀಲಾರ್ದ ಹಾಕ್ಬಿಟ್ಟಿದ್ದೆ. ಹೊಲಸು ಹೋಗಿ ಕೂತದ" ಅಂದ.

ಅವಳು ಅವನನ್ನು ಹಿಗ್ಗಾಮುಗ್ಗಾ ಬೈದಳು. ಒಂದು ವರ್ಷದ ದುಡಿಮೆ, ಒಂದೇ ಒಂದು ಅವಕಾಶ, ಪೈಪು ತೊಳೆಯುವಷ್ಟು ವ್ಯವಧಾನ ಇಲ್ಲವೇ ಎಂದಳು. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. "ಇನ್ಮೇಲೆ ನೀವಿಬ್ಬರೂ ಇದನ್ನ ಮುಟ್ಟಬೇಡಿ. ನಾಳೆ ಹಳೇ ಫ್ಯಾನೇ ಹಾಕ್ತೀನಿ. ಎಷ್ಟು ಆಗುತ್ತೋ ಅಷ್ಟಾಗ್ಲಿ" ಎಂದು ಬಾಗಿಲು ಹಾಕಿಕೊಂಡಳು.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೇ ೧೩, ಮಂಗಳವಾರ

ಬೆಳಿಗ್ಗೆ ಎದ್ದವನೇ ಅಡುಗೆಮನೆಗೆ ಹೋದೆ. ಇಂಪನಾ ಮುಖ ಊದಿಸಿಕೊಂಡು ಚಹ ಸೋಸುತ್ತಿದ್ದಳು. ಧರ್ಮರಾಜ ಕೆಲಸಕ್ಕೆ ಹೊರಡಲು ಶೂ ಹಾಕುತ್ತಿದ್ದ. ಮಾನಮ್ಮನವರೂ ಇದ್ದರು. ಎಲ್ಲರೂ ಇದ್ದದ್ದು ಒಳ್ಳೆಯದೇ ಆಯಿತು.

"ಇಂಪನಾ, ನಿನ್ನೆ ನೀನು ಬೈದೆಯಲ್ಲ, ಆ ಬೈಗುಳ ಎಲ್ಲ ನನಗೆ ಸೇರಬೇಕಾದ್ದು" ಎಂದೆ. "ಟ್ಯಾಂಕಿಗೆ ಅರಿಸಿನ ಹಾಕಿದೋನು ನಾನು. ಗಂಗೆ ಪೂಜೆ ಮಾಡಿದೆ. ಬ್ಲಾಕ್ ಕಟ್ಟಿಕೊಂಡಿದ್ದು ಅದರಿಂದ. ಇವನು ಪೈಪನ್ನ ಒಂದಲ್ಲ, ಮೂರು ಸಲ ತೊಳೆದಿದ್ದ. ನಾನೇ ಕಣ್ಣಾರೆ ನೋಡಿದ್ದೀನಿ."

ಮಾನಮ್ಮನವರು "ಪೂಜಿ ಮಾಡ್ರಿ ಅಂದಾಕಿ ನಾನೇ" ಎಂದು ಬಾಯಿ ಹಾಕಿದರು. ನೀವು ಹೂವು ಏರಿಸಿದಿರಿ, ಹೂವು ಹೊರಗಿತ್ತು, ನೀರಿಗೆ ಹಾಕಿದವನು ನಾನೇ ಎಂದೆ. ಆ ತಪ್ಪಿನಲ್ಲಿ ಯಾರಿಗೂ ಪಾಲು ಕೊಡಲು ನಾನು ತಯಾರಿರಲಿಲ್ಲ.

ಆಮೇಲೆ ಧರ್ಮರಾಜನ ಕಡೆ ತಿರುಗಿದೆ. ಮೈಯೆಲ್ಲ ಉರಿಯುತ್ತಿತ್ತು.

"ಏನಪ್ಪಾ, ನನ್ನ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ನಿನಗೆ ಯಾರು ಹೇಳಿದ್ದು? ನನಗೆ ವಯಸ್ಸಾಯ್ತು, ಎದೆ ಸರಿ ಇಲ್ಲ, ಬೈಸಿಕೊಳ್ಳೋ ತಾಕತ್ತಿಲ್ಲ ಅಂದ್ಕೊಂಡ್ಯಾ?"

ಅವನು ಶೂ ಲೇಸನ್ನು ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದ. "ಹಂಗಲ್ರಿ ಮಾವಾರ. ಮನಸಿಗಿ ಹಚ್ಕೊಂಡು ಊರಿಗಿ ಹೋಗಿಬಿಡ್ತೀರಿ ಅಂತ ಅಂಜಿಕಿ ಬಂತ್ರಿ. ಮೂರ್ ವರ್ಷ ಹಬ್ಬ ಬಂದ್ರ ಸಾಕು, ಇಕಿ ಒಂದ್ ಮೂಲ್ಯಾಗ ಕೂತು ಅಳ್ತಿದ್ಳು. ಈ ಸಲ ಯುಗಾದಿಗಿ ಅಳ್ಲಿಲ್ರಿ."

ಇಂಪನಾ ಸೋಸುತ್ತಿದ್ದ ಚಹ ಲೋಟದಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಇಂಥ ಹೊತ್ತಿನಲ್ಲಿ ನಾನು ಮಾಡುವುದು ಒಂದೇ, ಜೋರು ಮಾಡುವುದು.

"ನಾನು ಎಲ್ಲಿಗೂ ಹೋಗೋದಿಲ್ಲ. ಒಂದು ಮೆತ್ತನೆ ಹಲ್ಲುಜ್ಜೋ ಬ್ರಷ್ ಕೊಡಿ. ಇಂಪನಾ, ಹಳೇ ಫ್ಯಾನು ಮುಟ್ಟಿದರೆ ನೋಡು" ಎಂದೆ.

"ಮುಟ್ಟಬೇಡಿ ಅಂದಿದ್ದೆ" ಅಂದಳು.

"ಮುಟ್ಟುತ್ತೀನಿ."

ಅವಳು ನನ್ನನ್ನೇ ನೋಡಿದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಹೋಗಿ ಹೊಸ ಬ್ರಷ್ಷನ್ನೇ ತಂದು ಕೊಟ್ಟಳು. ಧರ್ಮರಾಜ ಶೂ ಬಿಚ್ಚಿ ಕೂತ, ಇವತ್ತು ರಜೆ ಎಂದು ಕಾರ್ಖಾನೆಗೆ ಫೋನ್ ಮಾಡಿದ. ಒಂದೊಂದು ಗೆರೆಯನ್ನೂ ಉಜ್ಜಿದೆವು, ರೇಡಿಯೇಟರಿಗೆ ನೀರು ಹಾಕಿ ಕುಲುಕಿ ಚೆಲ್ಲಿದೆವು, ಬಿಳಿ ಬಟ್ಟೆಯ ಮೇಲೆ ಚೆಲ್ಲಿ ನೋಡಿದಾಗ ಒಂದಿಷ್ಟೂ ಹಳದಿ ಕಾಣದವರೆಗೆ. ಮತ್ತೆ ಪೇಸ್ಟು, ಮತ್ತೆ ಸ್ಕ್ರೂ, ಮತ್ತೆ ಕಾಗದ ಇಟ್ಟು ಕಾಯುವುದು. ಸಂಜೆ ಕತ್ತಲಾಗುವ ಮೊದಲು ಇಂಪನಾ ಗುಂಡಿ ಒತ್ತಿದಳು. ಐವತ್ತಾರಕ್ಕೆ ಬಂದು ನಿಂತಿತು.

ಈ ಸಲ ಪೂಜೆ ಇಲ್ಲ. ಗಂಗೆಗೆ ಹೊರಗಿನಿಂದಲೇ ಕೈ ಮುಗಿದೆ, ಅವಳು ಬೇಜಾರು ಮಾಡಿಕೊಳ್ಳುವವಳಲ್ಲ.

ಮೇ ೧೬, ಶುಕ್ರವಾರ

ಬೆಳಿಗ್ಗೆ ಹನ್ನೊಂದಕ್ಕೆ ಸಿನಿಮಾ ಹೋಯಿತು. ಮಧ್ಯಾಹ್ನ ಉತ್ತರ ಬಂತು. ತುಂಬ ಹಿಡಿಸಿದೆ, ಅಂಗಳದಲ್ಲಿ ಕೂತ ಹಸಿರು ಸೀರೆಯ ಹೆಂಗಸು ಬಹಳ ಚೆನ್ನಾಗಿದ್ದಾಳೆ, ಇನ್ನೆರಡು ಕೆಲಸವಿದೆ, ಬಂದು ಮಾತಾಡಿ ಎಂದು. ಇಂಪನಾ ಅದನ್ನು ಎಲ್ಲರಿಗೂ ಕೇಳಿಸುವ ಹಾಗೆ ಓದಿದಳು. ಆಮೇಲೆ ನೆಲದ ಮೇಲೆಯೇ ಮಲಗಿ ನಿದ್ದೆ ಹೋದಳು. ಮಾನಮ್ಮನವರು ತಲೆಯ ಕೆಳಗೆ ದಿಂಬು ಇಟ್ಟರು. ಕಾರ್ಡು ಬದುಕಿದೆ, ನನ್ನ ಹೆಸರು ಮಹದೇವಪ್ಪನೇ.

ಡಾಕ್ಟರು ನಿನ್ನೆ ನೋಡಿ ಎಲ್ಲ ಸರಿ ಇದೆ ಅಂದರು.

ಸಂಜೆ ಸುಂದರನ ಫೋನ್ ಬಂತು. "ದೊಡ್ಡಪ್ಪ, ಭಾನುವಾರ ಬರ್ತೀನಿ, ರೆಡಿಯಾಗಿರು. ಅವ್ರ ಮನೇಲಿ ಇನ್ನೂ ಎಷ್ಟು ದಿನ ಅಂತ ಇರ್ತೀಯ? ಊರಲ್ಲಿ ಎಲ್ಲ ಕೇಳ್ತವ್ರೆ" ಅಂದ.

"ಬಾ, ಬಾ. ಆದರೆ ನಾನು ಈಗ ಬರೋ ಹಾಗಿಲ್ಲ, ಇಲ್ಲಿ ತುಂಬ ಕೆಲಸ ಇದೆ. ನೀನು ನಾಲ್ಕು ದಿನ ಇದ್ದು ಹೋಗೋ ಹಾಗೆ ಬಾ. ನನ್ನ ಅಳಿಯನ್ನ ನೀನಿನ್ನೂ ನೋಡೇ ಇಲ್ಲವಲ್ಲ" ಎಂದೆ.

ಸುಂದರ ಯಾಕೋ "ಯಾರ್ನ, ದೊಡ್ಡಪ್ಪ?" ಎಂದು ಎರಡೆರಡು ಸಲ ಕೇಳಿದ. ಲೈನ್ ಸರಿ ಇರಲಿಲ್ಲವೇನೋ.